ಗಾಜಾ ಯುದ್ಧದ ನಂತರ: ರಾಜಕೀಯ ಶಾಂತಿಯ ಕರಡು ರೂಪಿಸುವ ಬಗೆ

ಇಸ್ರೇಲಿಗಳ ಮತ್ತು ಪ್ಯಾಲೆಸ್ಟೀನಿಯರ ನಡುವಿನ ಯುದ್ಧ ನಿಂತ ಮೇಲೆ ಏನಾಗಬೇಕು ಎಂಬುದರ ಕುರಿತು ಪ್ರಬಂಧವನ್ನೋ ಚರ್ಚೆಗಾಗಿ ಕರಡನ್ನೋ ಸಿದ್ಧಪಡಿಸುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕದನವಿರಾಮದಿಂದ ಆರಂಭಿಸಿ, ನೆರವು, ಪುನರ್ನಿರ್ಮಾಣ, ಚುನಾವಣೆ ಎಂದು ಮುಂದುವರಿದು, ಗಡಿ ಮತ್ತು ಜೆರುಸಲೇಮಿನ ಪ್ರಶ್ನೆಗಳನ್ನು ಕೊನೆಯ ಪುಟಕ್ಕೆ ಬಿಡುತ್ತಾರೆ. ಈ ಕ್ರಮವನ್ನು ತಲೆಕೆಳಗು ಮಾಡಬೇಕು. ಗಡಿ ಎಲ್ಲಿ, ಜೆರುಸಲೇಮಿನಲ್ಲಿ ಯಾರ ಆಡಳಿತ, ನಿರಾಶ್ರಿತರಿಗೆ ಯಾವ ಹಕ್ಕು, ಇಸ್ರೇಲ್ ಆಕ್ರಮಿಸಿರುವ ನೆಲದಲ್ಲಿ ಎದ್ದ ಯಹೂದಿ ವಸಾಹತುಗಳ ಗತಿಯೇನು, ಇಸ್ರೇಲಿನ ಭದ್ರತೆಗೆ ಹೊಣೆ ಯಾರು ಎಂಬುದನ್ನು ಮೊದಲ ಪುಟದಲ್ಲೇ ಬರೆಯಿರಿ. ಅಲ್ಲಿಂದ ಹಿಂದಕ್ಕೆ ಬರುತ್ತಾ ಕದನವಿರಾಮದ ಮೊದಲ ವಾರದವರೆಗಿನ ಹೆಜ್ಜೆಗಳನ್ನು ಗುರುತಿಸಿಕೊಳ್ಳಿ.

ಹೀಗೆ ಹೇಳಲು ಕಾರಣ ಇಸ್ರೇಲ್ ಮತ್ತು ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆಯ ನಡುವಿನ ಓಸ್ಲೋ ಒಪ್ಪಂದದ ಅನುಭವ. 1993ರ ಸೆಪ್ಟೆಂಬರ್ 13ರಂದು ಸಹಿಯಾದ ಆ ಘೋಷಣೆಯು ಮೇಲಿನ ಐದೂ ವಿಷಯಗಳನ್ನು ಹೆಸರಿಸಿತು, ಆದರೆ ಅವುಗಳ ಉತ್ತರವನ್ನು ಐದು ವರ್ಷಗಳ ಮಧ್ಯಂತರ ಅವಧಿಯ ಮಾತುಕತೆಗೆ ಬಿಟ್ಟಿತು. ಆ ಅವಧಿ 1999ರ ಮೇ 4ಕ್ಕೆ ಮುಗಿಯಿತು, ಉತ್ತರ ಮಾತ್ರ ಬರಲಿಲ್ಲ. ಈ ನಡುವೆ, ಪೂರ್ವ ಜೆರುಸಲೇಮನ್ನು ಬಿಟ್ಟು ಪಶ್ಚಿಮ ದಂಡೆಯಲ್ಲಿ 1993ರಲ್ಲಿ ಸುಮಾರು 1.1 ಲಕ್ಷವಿದ್ದ ವಸಾಹತುಗಾರರ ಸಂಖ್ಯೆ 2000ದ ಹೊತ್ತಿಗೆ ಸುಮಾರು 1.9 ಲಕ್ಷಕ್ಕೆ ಏರಿತು. ಅತ್ತ ಇಸ್ರೇಲಿನ ಬಸ್ಸುಗಳಲ್ಲಿ ಬಾಂಬುಗಳು ಸಿಡಿದವು. ಕಾಯುವ ಕಾಲವು ವಿಶ್ವಾಸ ಬೆಳೆಸುತ್ತದೆ ಎಂಬ ಲೆಕ್ಕಾಚಾರ ಎರಡೂ ಕಡೆ ಸುಳ್ಳಾಯಿತು. 2025ರ ನವೆಂಬರ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅಂಗೀಕರಿಸಿದ 2803ನೇ ನಿರ್ಣಯವನ್ನೂ ಇದೇ ಕಣ್ಣಿನಿಂದ ಓದಬೇಕು: ಗಾಜಾದ ಮೇಲ್ವಿಚಾರಣೆಗೆ ಶಾಂತಿ ಮಂಡಳಿಯನ್ನೂ ಅಂತರರಾಷ್ಟ್ರೀಯ ಪಡೆಯನ್ನೂ ಅದು ಒಪ್ಪುತ್ತದೆ, ಅವುಗಳಿಗೆ 2027ರ ಅಂತ್ಯದವರೆಗೆ ಅವಧಿಯನ್ನೂ ಕೊಡುತ್ತದೆ, ಪ್ಯಾಲೆಸ್ಟೀನ್ ರಾಷ್ಟ್ರವಾಗುವ ದಾರಿಗೆ ಮಾತ್ರ ದಿನಾಂಕವಿಲ್ಲ.

ಎರಡನೆಯದಾಗಿ, ಪ್ರತಿ ಹೆಜ್ಜೆಗೂ ಮೂರು ಸಂಗತಿಗಳನ್ನು ಜೋಡಿಸಿ: ಯಾರು ಮಾಡಬೇಕು, ಯಾವ ದಿನದೊಳಗೆ, ಆಗಿದೆಯೋ ಇಲ್ಲವೋ ಎಂದು ತೀರ್ಮಾನಿಸುವವರು ಯಾರು. ಮೂರನೆಯದನ್ನು ಬಹುತೇಕ ಕರಡುಗಳು ಮರೆಯುತ್ತವೆ. ಈ ವಿಷಯದಲ್ಲಿ ಈಜಿಪ್ಟ್ ಮತ್ತು ಇಸ್ರೇಲ್ ನಡುವಿನ 1979ರ ಒಪ್ಪಂದವನ್ನು ಬಿಡಿಸಿ ಓದುವುದು ಲಾಭಕರ. ಇಸ್ರೇಲಿ ಸೇನೆ ತಾನು ವಶಪಡಿಸಿಕೊಂಡಿದ್ದ ಈಜಿಪ್ಟಿನ ಸಿನಾಯ್‌ನಿಂದ ಹಂತಹಂತವಾಗಿ ಹಿಂದೆ ಸರಿದು, 1982ರ ಏಪ್ರಿಲ್ 25ರ ಗಡುವಿಗೆ ಸರಿಯಾಗಿ ಹೊರಟಿತು. ಉಳಿದದ್ದು ಗಡಿಯ ಕೆಲವು ಕಂಬಗಳ ತಕರಾರು. ಅದರಲ್ಲಿ ಮುಖ್ಯವಾದುದು ಕೆಂಪು ಸಮುದ್ರದ ದಂಡೆಯ ತಾಬಾ ಎಂಬ ಪುಟ್ಟ ಜಾಗ. ಅಷ್ಟರಲ್ಲಿ ಅಲ್ಲಿ ಇಸ್ರೇಲಿ ಹೋಟೆಲೊಂದು ಎದ್ದಿತ್ತು. ಮಾತುಕತೆಯಿಂದ ಬಗೆಹರಿಯದ ವಿವಾದವನ್ನು ರಾಜಿಗೆ ಇಲ್ಲವೇ ಮಧ್ಯಸ್ಥ ತೀರ್ಪಿಗೆ ಒಪ್ಪಿಸತಕ್ಕದ್ದೆಂದು ಒಪ್ಪಂದದಲ್ಲೇ ಬರೆದಿದ್ದುದರಿಂದ, ಐವರ ನ್ಯಾಯಮಂಡಳಿಯೊಂದು ಹಳೆಯ ನಕ್ಷೆಗಳನ್ನೂ ಕಂಬದ ಅವಶೇಷಗಳನ್ನೂ ಪರಿಶೀಲಿಸಿ 1988ರಲ್ಲಿ ತೀರ್ಪು ಕೊಟ್ಟಿತು, ಮರುವರ್ಷ ತಾಬಾ ಈಜಿಪ್ಟಿನ ವಶಕ್ಕೆ ಬಂತು. ಬದುವಿನ ಕಲ್ಲಿಗಾಗಿ ಅಣ್ಣತಮ್ಮಂದಿರು ತಲೆಮಾರುಗಟ್ಟಲೆ ಕೋರ್ಟಿಗೆ ಅಲೆಯುವುದನ್ನು ಕಂಡಿರುವ ನಮಗೆ ಇದು ಸಣ್ಣ ಸಾಧನೆಯೆಂದು ತೋರಲಾರದು. ಓಸ್ಲೋದಲ್ಲೂ ಮಧ್ಯಸ್ಥ ತೀರ್ಪಿನ ಮಾತಿತ್ತು, ಆದರೆ ಎರಡೂ ಪಕ್ಷಗಳು ಒಪ್ಪಿದರಷ್ಟೇ. ನಿಮ್ಮ ಕರಡಿನಲ್ಲಿ ಒಂದು ಪಕ್ಷ ಕೇಳಿದರೂ ವಿವಾದವು ಇಂಥ ನ್ಯಾಯಮಂಡಳಿಯ ಮುಂದೆ ಹೋಗುವಂತಿರಲಿ.

ಮೇಲ್ವಿಚಾರಕರು ಎಲ್ಲಿ ಮಲಗುತ್ತಾರೆ ಎಂಬಂತಹ ಸಣ್ಣ ವಿವರವನ್ನೂ ಬಿಡಬೇಡಿ. 2005ರಲ್ಲಿ ಇಸ್ರೇಲ್ ಗಾಜಾವನ್ನು ತೆರವು ಮಾಡಿದ ನಂತರ, ಗಾಜಾ ಮತ್ತು ಈಜಿಪ್ಟ್ ನಡುವಿನ ರಫಾ ಗಡಿದ್ವಾರವನ್ನು ನೋಡಿಕೊಳ್ಳಲು ಬಂದ ಯುರೋಪಿಯನ್ ಒಕ್ಕೂಟದ ವೀಕ್ಷಕರು ಇಸ್ರೇಲಿನ ಅಶ್ಕೆಲಾನ್ ಪಟ್ಟಣದಲ್ಲಿ ವಾಸವಿದ್ದು, ಇಸ್ರೇಲಿನ ಹಿಡಿತದಲ್ಲಿದ್ದ ಕೆರೆಮ್ ಶಾಲೋಮ್ ದಾಟುದಾರಿಯ ಮೂಲಕ ಕೆಲಸಕ್ಕೆ ಬರುತ್ತಿದ್ದರು. ಅವರಿಲ್ಲದೆ ರಫಾ ತೆರೆಯುವಂತಿರಲಿಲ್ಲ. ಹೀಗಾಗಿ 2006ರ ಜೂನ್‌ನಲ್ಲಿ ಗಾಜಾದ ಉಗ್ರರು ಇಸ್ರೇಲಿ ಸೈನಿಕನೊಬ್ಬನನ್ನು ಅಪಹರಿಸಿದ ಮೇಲೆ, ಇಸ್ರೇಲ್ ಈ ವೀಕ್ಷಕರನ್ನು ತಡೆದರೆ ಸಾಕು, ಗಾಜಾದ ಬಾಗಿಲು ತಾನಾಗಿ ಮುಚ್ಚುತ್ತಿತ್ತು.

ಮೂರನೆಯ ಕೆಲಸ ಎಲ್ಲಕ್ಕಿಂತ ಕಷ್ಟದ್ದು: ಶಾಂತಿಯನ್ನು ಮುರಿಯಲೆಂದೇ ನಡೆಯುವ ದಾಳಿಯ ಮರುದಿನಕ್ಕೆ ಮೊದಲೇ ವಿಧಿ ಬರೆದಿಡುವುದು. 1994ರ ಫೆಬ್ರವರಿಯಲ್ಲಿ ಪಶ್ಚಿಮ ದಂಡೆಯ ಹೆಬ್ರಾನಿನಲ್ಲಿ ಯಹೂದಿ ವಸಾಹತುಗಾರನೊಬ್ಬ ಪ್ರಾರ್ಥನೆಯಲ್ಲಿದ್ದ 29 ಪ್ಯಾಲೆಸ್ಟೀನಿಯರನ್ನು ಕೊಂದ; ಅದೇ ವರ್ಷದ ಏಪ್ರಿಲ್‌ನಲ್ಲಿ ಇಸ್ರೇಲಿನ ಅಫುಲಾ ಮತ್ತು ಹದೇರಾಗಳಲ್ಲಿ ಹಮಾಸ್ ಆತ್ಮಾಹುತಿ ದಾಳಿ ನಡೆಸಿತು; 1995ರ ನವೆಂಬರ್ 4ರಂದು ಇಸ್ರೇಲಿನ ಪ್ರಧಾನಿ ಯಿತ್ಸಾಕ್ ರಾಬಿನ್‌ರನ್ನು ಯಹೂದಿ ಉಗ್ರವಾದಿಯೇ ಗುಂಡಿಕ್ಕಿ ಕೊಂದ. ಇಂಥದ್ದು ನಡೆಯುವುದಿಲ್ಲವೆಂದು ನಂಬಿ ಬರೆದ ಕರಡು ಮೊದಲ ಹೆಣ ಬೀಳುವವರೆಗೆ ಮಾತ್ರ ಬಾಳುತ್ತದೆ. ಎರಡು ದಿನಗಳೊಳಗೆ ಸೇರುವ ಜಂಟಿ ತನಿಖಾ ಸಮಿತಿಯ ಸದಸ್ಯರು ಯಾರು, ಯಾವ ಕಲಮುಗಳನ್ನು ಎಷ್ಟು ದಿನ ಅಮಾನತಿನಲ್ಲಿಡಬಹುದು, ಏನೇ ಆದರೂ ನಿಲ್ಲಿಸಬಾರದವು ಯಾವುವು ಎಂದು ಸ್ಪಷ್ಟವಾಗಿರಬೇಕು. ನೀರು, ಔಷಧಿ, ಆಸ್ಪತ್ರೆಗೆ ಹೋಗುವವರ ಸಂಚಾರ ಕೊನೆಯ ಪಟ್ಟಿಗೆ ಸೇರಲಿ. ಸಂಬಳದ ಹಣವೂ ಸೇರಲಿ: 1994ರ ಪ್ಯಾರಿಸ್ ಒಪ್ಪಂದದಂತೆ ಪ್ಯಾಲೆಸ್ಟೀನಿಯರ ಆಮದು ಸುಂಕವನ್ನು ಇಸ್ರೇಲೇ ಸಂಗ್ರಹಿಸಿ, ತನ್ನ ನೌಕರರ ಸಂಬಳಕ್ಕೆ ಈ ಹಣವನ್ನೇ ನೆಚ್ಚಿರುವ ಪ್ಯಾಲೆಸ್ಟೀನಿಯನ್ ಪ್ರಾಧಿಕಾರಕ್ಕೆ (ಓಸ್ಲೋದಿಂದ ಹುಟ್ಟಿದ ಸೀಮಿತ ಸ್ವಯಮಾಡಳಿತಕ್ಕೆ) ಕೊಡಬೇಕು, ಮತ್ತು ಸಂಬಂಧ ಕೆಟ್ಟಾಗಲೆಲ್ಲ ಅದನ್ನು ತಡೆಹಿಡಿಯಲಾಗಿದೆ.

ಪುನರ್ನಿರ್ಮಾಣದ ಬಗ್ಗೆ ಹೆಚ್ಚು ಪುಟಗಳು ಬೇಡ. ವಿಶ್ವಸಂಸ್ಥೆ, ಯುರೋಪಿಯನ್ ಒಕ್ಕೂಟ ಮತ್ತು ವಿಶ್ವ ಬ್ಯಾಂಕ್ ಅದರ ವೆಚ್ಚಕ್ಕೆ 2025ರ ಫೆಬ್ರವರಿಯಲ್ಲಿ ಮಾಡಿದ ಅಂದಾಜು 5,300 ಕೋಟಿ ಡಾಲರ್. ಮತ್ತೆ ಕೆಡವುವುದಿಲ್ಲವೆಂಬ ಭರವಸೆ ಕಾಣದೆ ಅಷ್ಟು ಹಣ ಹೂಡುವವರು ಸಿಗುವುದಿಲ್ಲ.

ಕೊನೆಗೆ ಒಪ್ಪಿಗೆಯ ಪ್ರಶ್ನೆ. ಇಸ್ರೇಲಿನ 2014ರ ಮೂಲ ಕಾನೂನಿನ ಪ್ರಕಾರ, ತನ್ನ ಕಾನೂನು ಅನ್ವಯವಾಗುವ ನೆಲವನ್ನು (ಪೂರ್ವ ಜೆರುಸಲೇಮೂ ಇದರಲ್ಲಿ ಬರುತ್ತದೆ) ಬಿಟ್ಟುಕೊಡಲು ಸಂಸತ್ತಿನ 120 ಸದಸ್ಯರಲ್ಲಿ 80 ಮಂದಿಯ ಬೆಂಬಲ ಅಥವಾ ಜನಮತಗಣನೆ ಅಗತ್ಯ. ಪ್ಯಾಲೆಸ್ಟೀನಿಯರಲ್ಲಿ ಶಾಸನಸಭೆಗೆ ಕೊನೆಯ ಚುನಾವಣೆ ನಡೆದದ್ದು 2006ರ ಜನವರಿಯಲ್ಲಿ. ಆಗ ತೊಟ್ಟಿಲಲ್ಲಿದ್ದವರಿಗೆ ಈಗ ಮತದಾನದ ವಯಸ್ಸು. ಆದ್ದರಿಂದ ವೇಳಾಪಟ್ಟಿಯಲ್ಲಿ ಪ್ಯಾಲೆಸ್ಟೀನಿನ ಚುನಾವಣೆಯನ್ನು ಅಂತಿಮ ಸಹಿಗೆ ಮೊದಲೂ, ಇಸ್ರೇಲಿನ ಜನಮತಗಣನೆಯನ್ನು ಸಹಿಯಾದ ಮೇಲೂ ಇರಿಸಿ. ಪೂರ್ವ ಜೆರುಸಲೇಮಿನ ಪ್ಯಾಲೆಸ್ಟೀನಿಯರು ಎಲ್ಲಿ ಮತ ಹಾಕುತ್ತಾರೆ ಎಂಬುದನ್ನೂ ನಮೂದಿಸಿ: 2006ರಲ್ಲಿ ಅವರಲ್ಲಿ ಕೆಲವರು ಅಂಚೆ ಕಚೇರಿಗಳಲ್ಲಿ ಮತ ಹಾಕಿದ್ದರು, ಮತ್ತು 2021ರ ಚುನಾವಣೆಯನ್ನು ಮುಂದೂಡುವಾಗ ಅಧ್ಯಕ್ಷ ಮಹಮೂದ್ ಅಬ್ಬಾಸ್ ಕೊಟ್ಟ ಕಾರಣವೂ ಆ ನಗರದ ಮತದಾನಕ್ಕೆ ಇಸ್ರೇಲಿನ ಅನುಮತಿ ಸಿಕ್ಕಿಲ್ಲ ಎಂಬುದೇ ಆಗಿತ್ತು.