ಲೇಸಿಕ್ ಆದ ಕಣ್ಣಿಗೆ ಪೊರೆ ಲೆನ್ಸ್ ಪವರ್: ಹಳೆಯ ಫೈಲಿಲ್ಲದೆ ಕೂರಿಸಿದ್ದು

ಲೇಸಿಕ್ (ಕನ್ನಡಕದ ನಂಬರ್ ತೆಗೆಯುವ ಲೇಸರ್ ಸರ್ಜರಿ) ಆದ ಕಣ್ಣಿಗೆ ಪೊರೆ ಬಂದಾಗ, ಆ ಸರ್ಜರಿಯ ಹಳೆಯ ಫೈಲು ಸಿಗದಿದ್ದರೆ ಒಳಗೆ ಹಾಕುವ ಲೆನ್ಸಿನ ಪವರ್ ಬರೀ ಅಂದಾಜು ಎನ್ನುವವರೇ ಹೆಚ್ಚು. ನಾನೀಗ ಫೈಲಿಗೆ ಕಾಯುವುದಿಲ್ಲ. ನೆನಪಿನ ಲೆಕ್ಕದಲ್ಲಿ ಮೂರರಲ್ಲಿ ಎರಡು ಕಣ್ಣು ಗುರಿಯಿಂದ ಅರ್ಧ ಡಯಾಪ್ಟರ್ (ಕನ್ನಡಕದ ನಂಬರಿನ ಮಾನ) ಒಳಗೆ ಕೂತಿವೆ, ಉಳಿದವು ಹೆಚ್ಚುಕಡಿಮೆ ಒಂದರೊಳಗೆ.

ಮೊದಮೊದಲು ಮಾಮೂಲಿ ಕೆ ರೀಡಿಂಗನ್ನೇ (ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾದ ಬಾಗಿನ ಅಳತೆ) ಎಸ್‌ಆರ್‌ಕೆ/ಟಿ ಎಂಬ ಲೆನ್ಸ್ ಪವರ್ ಸೂತ್ರಕ್ಕೆ ಹಾಕಿ, ಸರ್ಜರಿ ನಂತರ +1.5, +2 ನಂಬರ್ ತಂದುಕೊಂಡೆ. ಮೈನಸ್ ತೆಗೆಸಿದ ಕಣ್ಣಲ್ಲಿ ಯಂತ್ರ ನಡುವಿನ ಚಪ್ಪಟೆ ಜಾಗ ಬಿಟ್ಟು ಸುತ್ತಲ ಉಂಗುರ ಅಳೆಯುತ್ತದೆ. ಕಾರ್ನಿಯಾದ ಮುಂಭಾಗ ಮಾತ್ರ ಬದಲಾಗಿರುವುದರಿಂದ ಬಾಗನ್ನು ಪವರ್ ಆಗಿಸಲು ಯಂತ್ರ ಬಳಸುವ 1.3375 ಎಂಬ ವಕ್ರೀಭವನಾಂಕ ಹೊಂದುವುದಿಲ್ಲ. ಮೇಲಾಗಿ ಚಪ್ಪಟೆ ಕೆ ಕಂಡ ಸೂತ್ರ, ಲೆನ್ಸ್ ಮುಂದೆಯೇ ಕೂರುತ್ತದೆಂದು ಲೆಕ್ಕ ಹಾಕುತ್ತದೆ. ಮೂರು ತಪ್ಪೂ ಪ್ಲಸ್ ಕಡೆಗೇ ಎಳೆಯುತ್ತವೆ. ಎರಡು ಕಣ್ಣಿಗೆ ಲೆನ್ಸ್ ಬದಲಿಸಬೇಕಾಯಿತು. ಲೆನ್ಸ್, ಥಿಯೇಟರ್ ಖರ್ಚೆಲ್ಲ ನನ್ನ ಕೈಯಿಂದಲೇ ಹೋಯಿತು.

ಈಗ ಮೊದಲು ಎರಡು-ಮೂರು ವಾರ ಪ್ರಿಸರ್ವೇಟಿವ್ ಇಲ್ಲದ ಕಣ್ಣೀರಿನ ಡ್ರಾಪ್ಸ್. ಒಣಗಿದ ಕಣ್ಣಿನ ಕೆ ನಂಬಬಾರದು. ಬಯೋಮೆಟ್ರಿಗೆ (ಲೆನ್ಸ್ ಪವರಿಗಾಗಿ ಕಣ್ಣು ಅಳೆಯುವುದು) ಮುಂಚೆ ಫ್ಲೋರೆಸಿನ್ ಬಣ್ಣದ ಡ್ರಾಪ್ಸ್ ಬೇಡ, ಕಣ್ಣಿನ ಒತ್ತಡ ಅಳೆಯುವ ಟೋನೋಮೀಟರ್ ಮುಟ್ಟಿಸುವುದೂ ಬೇಡ. ಎರಡು ದಿನ ಅಳೆದು, ಕೆ 0.3ಕ್ಕಿಂತ ಹೆಚ್ಚು ಬದಲಾದರೆ ಮೂರನೆಯ ದಿನ ಮತ್ತೆ ಕರೆಸುತ್ತೇನೆ. ಆಮೇಲೆ ಲೇಸಿಕ್ ಕಣ್ಣಿಗೆಂದೇ ಇರುವ ಬ್ಯಾರೆಟ್ ಟ್ರೂ-ಕೆ, ಹೈಗಿಸ್-ಎಲ್, ಶಮ್ಮಾಸ್ ಮೂರೂ ಸೂತ್ರಗಳ ಉತ್ತರ ಅಕ್ಕಪಕ್ಕ ಇಡುತ್ತೇನೆ. ಶಮ್ಮಾಸ್ ತಿದ್ದುಪಡಿ ಕೈಲೆಕ್ಕ: ಕೆ × 1.14 − 6.8. ಕೆ 38.5 ಇದ್ದರೆ 37.1 ಆಗುತ್ತದೆ. ಸರ್ಜರಿ ನಂತರ ಉಳಿಯಬೇಕಾದ ನಂಬರಿನ ಗುರಿ −0.5ರಿಂದ −0.75. ಮೂರೂ ಹತ್ತಿರ ಬಂದರೆ ನಡುವಿನದು. ಒಂದು ಡಯಾಪ್ಟರ್‌ಗಿಂತ ದೂರವಾದರೆ ಯಾವುದಕ್ಕೆ ಎಷ್ಟು ತೂಕ ಎಂಬ ಪಟ್ಟಿ ನನ್ನ ಬಳಿಯೇ ಇರಲಿ.

ಮನೆಯಲ್ಲಿ ಬಿದ್ದಿರುವ ಹಳೆಯ ಕನ್ನಡಕ ತರಿಸಿ. ಕನ್ನಡಕದ ನಂಬರ್ ಅಳೆಯುವ ಲೆನ್ಸೋಮೀಟರಿನಲ್ಲಿ ಲೇಸಿಕ್ ಮುಂಚಿನ ನಂಬರ್ ಸಿಗುತ್ತದೆ, ಟ್ರೂ-ಕೆಗೆ ಹಾಕಬಹುದು. ಲೇಸಿಕ್ ನಂತರದ್ದೆಂದು ಇಂದಿನ ನಂಬರ್ ಹಾಕಿದರೆ ಮಾತ್ರ ಕೆಟ್ಟಿತು, ಅದರಲ್ಲಿ ಪೊರೆಯ ಮೈನಸ್ಸೂ ಸೇರಿರುತ್ತದೆ.

ಪೊರೆ ತೆಗೆದೊಡನೆ ಟೇಬಲ್ ಮೇಲೆಯೇ ರಿಫ್ರಾಕ್ಷನ್ (ಕಣ್ಣಿನ ನಂಬರ್) ನೋಡಿ, ಅದನ್ನು ಎರಡರಿಂದ ಗುಣಿಸಿ ಲೆನ್ಸ್ ಪವರ್ ತೆಗೆಯುವುದನ್ನೂ ಪ್ರಯತ್ನಿಸಿದೆ. ಕಣ್ಣಿನ ಒತ್ತಡ, ಒಳಗಿನ ಗುಳ್ಳೆ, ರೆಪ್ಪೆ ಬಿಡಿಸಿ ಹಿಡಿಯುವ ಸ್ಪೆಕ್ಯುಲಮ್ ಒತ್ತು ಯಾವುದು ಬದಲಾದರೂ ಉತ್ತರ ಬದಲಾಯಿತು. ಬಿಟ್ಟೆ.

ಮೈನಸ್ ಲೇಸಿಕ್ ಕಣ್ಣಿಗೆ ನೆಗೆಟಿವ್ ಆಸ್ಫೆರಿಕ್ (ಅಂಚಿನ ಕಡೆಗೆ ಪವರ್ ತಗ್ಗುವ) ಲೆನ್ಸೇ ಸರಿ; ಪ್ಲಸ್ ತೆಗೆಸಿದವರಿಗೆ ಅದು ಬೇಡ. ಟೊಪೋಗ್ರಫಿಯಲ್ಲಿ (ಕಾರ್ನಿಯಾದ ನಕ್ಷೆ) ಲೇಸರ್ ಜಾಗ ನಡುವಿನಿಂದ ಸರಿದಿದ್ದರೆ, ದೂರ-ಹತ್ತಿರ ಎರಡಕ್ಕೂ ಆಗುವ ಮಲ್ಟಿಫೋಕಲ್ ಲೆನ್ಸ್ ಹಾಕುವುದಿಲ್ಲ. ಆ ದುಡ್ಡು ಹೋದರೂ ಹೋಗಲಿ. ಎರಡನೇ ಕಣ್ಣಿಗೆ ಕನಿಷ್ಠ ನಾಲ್ಕು ವಾರ ಕಾದು, ಮೊದಲ ಕಣ್ಣಿನ ತಪ್ಪಿನ ಸುಮಾರು ಅರ್ಧದಷ್ಟನ್ನು ತಿದ್ದಿ ಹಾಕುತ್ತೇನೆ.