ಷಿಕಾಗೋ ಮೇಳದ ಪದಕ ಹುಡುಕುವುದು ಹೇಗೆ?

ವಿವೇಕಾನಂದರು 1893ರಲ್ಲಿ ಮಾತಾಡಿದ ಸರ್ವಧರ್ಮ ಸಮ್ಮೇಳನ ನಮಗೆಲ್ಲ ಗೊತ್ತು. ಅದು ಏರ್ಪಟ್ಟಿದ್ದು ಕೊಲಂಬಸ್ ಅಮೆರಿಕ ತಲುಪಿ 400 ವರ್ಷವಾದ ನೆನಪಿಗೆ ನಡೆದ ಭಾರೀ ವಸ್ತುಪ್ರದರ್ಶನದ ಜೊತೆಗೆ. ಪದಕ ಸಂಗ್ರಹ ಶುರು ಮಾಡುವವರು ಈ ಒಂದೇ ಮೇಳವನ್ನು ಹಿಡಿದುಕೊಳ್ಳಿ. ಫಿಲಡೆಲ್ಫಿಯಾ (1876), ಬಫಲೋ (1901), ಸೇಂಟ್ ಲೂಯಿಸ್ (1904), ಸ್ಯಾನ್ ಫ್ರಾನ್ಸಿಸ್ಕೋ (1915) ಎಲ್ಲಕ್ಕೂ ಒಟ್ಟಿಗೆ ಕೈಹಾಕಿದರೆ ದುಡ್ಡೂ ಉಳಿಯದು, ತಿಳಿವಳಿಕೆಯೂ ಬೆಳೆಯದು.

ಮೊದಲು ಅಗ್ಗದವನ್ನು ಕೊಳ್ಳಿ. ಮೇಳದಲ್ಲಿ ಮಾರುತ್ತಿದ್ದ ಅಲ್ಯೂಮಿನಿಯಂ ಪದಕಗಳು ಈಗಲೂ ಸಿಗುತ್ತವೆ. ಅಂಗೈಯಲ್ಲಿಟ್ಟರೆ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ. ಆ ಲೋಹ ಅಗ್ಗವಾಗತೊಡಗಿ ಆಗಿನ್ನೂ ಕೆಲವೇ ವರ್ಷ, ಹಾಗಾಗಿ ಜನಕ್ಕೆ ಅದೇ ಒಂದು ಬೆರಗು. ಡಾಲರ್ ನಾಣ್ಯದ ಆಸುಪಾಸಿನ ಗಾತ್ರದವನ್ನು ಅಮೆರಿಕದಲ್ಲಿ ‘ಸೋ-ಕಾಲ್ಡ್ ಡಾಲರ್’ ಅನ್ನುತ್ತಾರೆ. ಮಾರಾಟದ ವಿವರದಲ್ಲಿ ‘ಎಚ್‌ಕೆ’ (ಹಿಬ್ಲರ್ ಮತ್ತು ಕ್ಯಾಪನ್ ಮಾಡಿದ ಪಟ್ಟಿಯ) ಸಂಖ್ಯೆಯಿದ್ದರೆ ಬರೆದಿಟ್ಟುಕೊಳ್ಳಿ. ಯಾವ ಅಚ್ಚು, ಯಾವ ಲೋಹ ಎಂದು ಗುರುತಿಸಲು ಸಂಗ್ರಾಹಕರು ಬಳಸುವುದು ಅದನ್ನೇ.

ಆಮೇಲೆ ದೊಡ್ಡದು: ಬಹುಮಾನದ ಕಂಚಿನ ಪದಕ, 76 ಮಿ.ಮೀ. ಅಗಲ. ಒಂದು ಬದಿಯಲ್ಲಿ ಕೈಚಾಚಿ ದಡಕ್ಕೆ ಕಾಲಿಡುತ್ತಿರುವ ಕೊಲಂಬಸ್. ಶಿಲ್ಪಿ ಅಗಸ್ಟಸ್ ಸೇಂಟ್-ಗಾಡೆನ್ಸ್. ಹಿಂಬದಿಗೆ ಆತ ಬೆತ್ತಲೆ ಹುಡುಗನನ್ನು ಕೆತ್ತಿದ್ದ, ಮಡಿವಂತರು ಕೂಗಾಡಿದರು. ಕೊನೆಗೆ ಆ ಬದಿಯನ್ನು ಟಂಕಸಾಲೆಯ ಚಾರ್ಲ್ಸ್ ಬಾರ್ಬರ್ ಮಾಡಿಕೊಟ್ಟ. ಈ ಜಗ್ಗಾಟದಲ್ಲಿ ಪದಕ ಗೆದ್ದವರ ಕೈಸೇರಿದ್ದು 1896ಕ್ಕೆ. ಎರಡು ಬದಿಗೂ ಎರಡು ಕೈಚಳಕ, ನೋಡಿದರೇ ತಿಳಿಯುತ್ತದೆ. ನನ್ನ ಕಣ್ಣಿಗೆ ಬಾರ್ಬರ್‌ನದು ಸಪ್ಪೆ. ಬಹುಮಾನಿತರ ಹೆಸರು ಹಿಂಬದಿಯಲ್ಲಿ ಉಬ್ಬಕ್ಷರದಲ್ಲಿರುತ್ತದೆ; ಕೊರೆದ ಅಕ್ಷರ ಕಂಡರೆ ಅನುಮಾನಿಸಿ.

ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆಯಿರಿ. ಅಸಲಿಯಿಂದ ಅಚ್ಚು ತೆಗೆದು ಎರಕ ಹೊಯ್ದರೆ ತಣ್ಣಗಾಗುವಾಗ ಲೋಹ ಕುಗ್ಗುತ್ತದೆ, ಹಾಗಾಗಿ ನಕಲು ಕೂದಲೆಳೆಯಷ್ಟು ಚಿಕ್ಕದು. ಅಂಚಿನಲ್ಲಿ ಅರ ಉಜ್ಜಿದ ಗೆರೆ, ಮೈಮೇಲೆ ಸೂಜಿಮೊನೆಯಂಥ ತೂತು ಇದೆಯಾ ಅಂತ ಭೂತಗನ್ನಡಿಯಲ್ಲಿ ನೋಡಿ.

ತೊಳೆಯಬೇಡಿ. ನಾನು ನನ್ನ ಮೊದಲ ಕಂಚಿನ ಪದಕವನ್ನು ದೇವರ ಪಾತ್ರೆಯಂತೆ ಹುಣಸೆಹಣ್ಣಲ್ಲಿ ತಿಕ್ಕಿದೆ. ಚಾಕೊಲೇಟ್ ಬಣ್ಣ ಹೋಗಿ ಹೊಸ ಚೊಂಬಿನಂತೆ ಹೊಳೆಯಿತು. ಬೆಲೆಯೂ ಆ ನೀರಿನ ಜೊತೆಗೇ ಹೋಯಿತು. ಪಿವಿಸಿ ಪೌಚೂ ಬೇಡ, ಅದು ಹಸಿರು ಜಿಗುಟು ಬಿಡುತ್ತದೆ. ಅಂಚು ಹಿಡಿದೇ ಎತ್ತಿ, ಆಮ್ಲರಹಿತ ಕಾಗದದ ಲಕೋಟೆಯಲ್ಲಿಟ್ಟು, ಡಬ್ಬಿಗೆ ಸಿಲಿಕಾ ಜೆಲ್ ಹಾಕಿ. ಮುಂಗಾರು ಹಿಡಿಯುವ ಮೊದಲು ಅದನ್ನು ಬದಲಿಸಿ.