ಹಗಲಿನ ಒತ್ತಡವನ್ನು ಹಾಸಿಗೆಯವರೆಗೆ ಒಯ್ಯದಿರುವುದು ಹೇಗೆ?

ನಿದ್ದೆ ಬಾರದವರು ರಾತ್ರಿಯ ಮೇಲೆ ಏನೆಲ್ಲ ಪ್ರಯೋಗ ಮಾಡುತ್ತಾರೆ! ಹಾಸಿಗೆ ಬದಲಿಸುತ್ತಾರೆ, ಬಿಸಿಹಾಲು ಕುಡಿಯುತ್ತಾರೆ, ನೆತ್ತಿಗೆ ಎಣ್ಣೆ ಹಚ್ಚಿಕೊಳ್ಳುತ್ತಾರೆ. ಹಗಲನ್ನು ಮಾತ್ರ ಮುಟ್ಟುವುದಿಲ್ಲ. ರಾತ್ರಿಯ ನಿದ್ದೆ ಬಹುಮಟ್ಟಿಗೆ ಕೆಡುವುದು ಹಗಲಿನಲ್ಲೇ, ಅದನ್ನು ಸರಿಪಡಿಸುವ ಕೆಲಸವೂ ಅಲ್ಲಿಂದಲೇ ಶುರುವಾಗಬೇಕು.

ಹಾಗೆಂದು, ನಿದ್ದೆಗೆಟ್ಟವರ ಬದುಕಿನಲ್ಲೇ ತಾಪತ್ರಯ ಹೆಚ್ಚು ಎಂದುಕೊಳ್ಳಬೇಡಿ. ಕೆನಡಾದ ನಿದ್ರಾತಜ್ಞ ಚಾರ್ಲ್ಸ್ ಮೊರಿನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನನಿತ್ಯದ ಸಣ್ಣಪುಟ್ಟ ಕಿರಿಕಿರಿಗಳ ಸಂಖ್ಯೆ ಚೆನ್ನಾಗಿ ನಿದ್ದೆ ಮಾಡುವವರಲ್ಲೂ ನಿದ್ರಾಹೀನರಲ್ಲೂ ಹೆಚ್ಚುಕಡಿಮೆ ಒಂದೇ ಇತ್ತು. ಆದರೆ ಅದೇ ಕಿರಿಕಿರಿ ನಿದ್ರಾಹೀನರ ಮನಸ್ಸಿಗೆ ಹೆಚ್ಚು ಆಳವಾಗಿ ತಾಗುತ್ತಿತ್ತು. ಮಲಗುವ ಹೊತ್ತಿಗೂ ಅವರ ಮೈಮನಸ್ಸು ಕಟ್ಟೆಚ್ಚರದಲ್ಲೇ ಇರುತ್ತಿತ್ತು. ಇದಕ್ಕೆ ದೇಹದೊಳಗೂ ಕಾರಣವಿದೆ. ಕಾರ್ಟಿಸಾಲ್ ಎಂಬ ಹಾರ್ಮೋನು ಬೆಳಿಗ್ಗೆ ಏರಿ, ಮಧ್ಯರಾತ್ರಿಯ ಸುಮಾರಿಗೆ ತೀರ ಇಳಿದಿರಬೇಕು. ಒತ್ತಡ ಇಳಿಯದೇ ಹೋದರೆ ಅದೂ ಇಳಿಯುವುದು ತಡವಾಗುತ್ತದೆ, ಎದೆಬಡಿತವೂ ನಿಧಾನವಾಗುವುದಿಲ್ಲ. ನಿದ್ದೆಗೆಟ್ಟ ಮರುದಿನ ಚಿಕ್ಕ ಮಾತೂ ದೊಡ್ಡದಾಗಿ ಚುಚ್ಚುತ್ತದೆ, ಆ ಚುಚ್ಚು ಮತ್ತೆ ರಾತ್ರಿಯವರೆಗೆ ಬರುತ್ತದೆ.

ಈ ಸುತ್ತನ್ನು ಎಲ್ಲಿ ಕಡಿಯಬೇಕು? ಮೊದಲು ಒಂದು ವಾರ ಬರೆದಿಡಿ. ಮಲಗಿದ್ದು, ಎದ್ದದ್ದು ಅಂದಾಜಿಗೆ ಸಾಕು, ರಾತ್ರಿ ಗಡಿಯಾರ ನೋಡುವುದೇ ಬೇಡ. ಅದರ ಪಕ್ಕದಲ್ಲಿ ಆ ದಿನ ಯಾವ ಹೊತ್ತಿಗೆ, ಯಾವುದರಿಂದ ಮನಸ್ಸು ಬಿಗಿಯಾಯಿತು ಎಂದು ಒಂದು ಸಾಲು ಬರೆಯಿರಿ. ಬೆಳಿಗ್ಗೆ ಏಳುವ ಹೊತ್ತನ್ನು ಮಾತ್ರ ಗಟ್ಟಿ ಮಾಡಿಕೊಳ್ಳಿ. ರಾತ್ರಿ ಎಷ್ಟೇ ಕೆಟ್ಟಿರಲಿ, ಭಾನುವಾರವೇ ಇರಲಿ, ಅದೇ ಹೊತ್ತಿಗೆ ಏಳಬೇಕು.

ನಡುಹಗಲಿನಲ್ಲಿ ಎರಡು ಮೂರು ಸಲ ಐದು ನಿಮಿಷ ಬಿಡುವು ತೆಗೆದುಕೊಳ್ಳಿ. ಉಸಿರನ್ನು ನಿಧಾನವಾಗಿ ಒಳಗೆಳೆದು, ಅದಕ್ಕಿಂತ ನಿಧಾನವಾಗಿ ಹೊರಬಿಡಿ. ಮಧ್ಯಾಹ್ನದ ನಿದ್ದೆ ಬಿಡಲಾಗದಿದ್ದರೆ ಇಪ್ಪತ್ತು ನಿಮಿಷ, ಅದೂ ಮೂರು ಗಂಟೆಯೊಳಗೆ. ಇನ್ನು ಚಹಾ. ಸಂಜೆ ಗಿರ್ಮಿಟ್ ಮಿರ್ಚಿಯ ಜೊತೆ ಚಹಾ ಇಲ್ಲದಿದ್ದರೆ ನಮ್ಮ ಹುಬ್ಬಳ್ಳಿಯವರಿಗೆ ದಿನ ಮುಗಿದಂತೆ ಅನ್ನಿಸುವುದಿಲ್ಲ. ಆದರೆ ಕೆಫೀನ್ ಅರ್ಧದಷ್ಟು ಕರಗಲು ಸರಾಸರಿ ಐದು ತಾಸು ಬೇಕು. ಐದಕ್ಕೆ ಕುಡಿದದ್ದರ ಅರ್ಧ ಹತ್ತಕ್ಕೂ ಮೈಯಲ್ಲಿರುತ್ತದೆ. ನಿದ್ದೆಯ ತೊಂದರೆ ಇರುವವರು ಮಧ್ಯಾಹ್ನ ಎರಡರ ನಂತರ ಚಹಾ, ಕಾಫಿ ಬಿಡುವುದು ಒಳ್ಳೆಯದು.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಸಂಜೆಯದು. ಹುಬ್ಬಳ್ಳಿಯಲ್ಲಿ ಕೆಲಸ ಮುಗಿಸಿ ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಮರಳುವವರನ್ನು ನೋಡಿ. ಎಷ್ಟೋ ಜನ ದಾರಿಯುದ್ದಕ್ಕೂ ಮೊಬೈಲಿನಲ್ಲಿ ಕಚೇರಿಯನ್ನೇ ನಡೆಸುತ್ತಿರುತ್ತಾರೆ. ಆ ಹೊತ್ತನ್ನಾದರೂ ಬಿಟ್ಟುಕೊಡಬೇಡಿ, ಮೊಬೈಲನ್ನು ಚೀಲಕ್ಕೆ ಹಾಕಿ. ಮನೆಗೆ ಬಂದ ಮೇಲೆ, ಮಲಗಲು ಮೂರು ತಾಸಾದರೂ ಇರುವಾಗ, ಚಿಂತೆಗೆಂದೇ ಕಾಲು ತಾಸು ಮೀಸಲಿಡಿ. ನೋಟುಪುಸ್ತಕದ ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಚಿಂತೆ, ಬಲಕ್ಕೆ ಅದರ ಮುಂದಿನ ಒಂದೇ ಹೆಜ್ಜೆ. ‘ದಲಾಲರಿಂದ ಗೋವಿನಜೋಳದ ಬಾಕಿ ಬಂದಿಲ್ಲ’ ಎಂದಿದ್ದರೆ, ‘ನಾಳೆ ಹತ್ತಕ್ಕೆ ಅಮರಗೋಳದ ಎಪಿಎಂಸಿಗೆ ಹೋಗಿ ಕೇಳುವುದು’. ‘ಈ ಸಲವೂ ಮಳೆ ಕೈಕೊಟ್ಟರೆ?’ ಎಂಬುದಕ್ಕೆ ಇಂದು ಮಾಡುವಂಥದ್ದು ಏನೂ ಇಲ್ಲದಿದ್ದರೆ ಹಾಗೆಂದೇ ಬರೆಯಿರಿ. ಆಮೇಲೆ ಪುಸ್ತಕ ಮುಚ್ಚಿ, ಮಲಗುವ ಜಾಗದಿಂದ ದೂರವಿಡಿ. ರಾತ್ರಿ ಅದೇ ಚಿಂತೆ ಮತ್ತೆ ಬಂದರೆ ‘ನಾಳೆ ಸಂಜೆ ನೋಡೋಣ’ ಎಂದು ಮುಂದಕ್ಕೆ ಹಾಕಿ. ಮೊದಲ ಕೆಲವು ದಿನ ಮನಸ್ಸು ಒಪ್ಪುವುದಿಲ್ಲ, ಆದರೂ ಬಿಡಬೇಡಿ.

ಬರವಣಿಗೆಯ ಗುಣಕ್ಕೆ ಪುರಾವೆಯೂ ಇದೆ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ 2018ರ ಪ್ರಯೋಗದಲ್ಲಿ, ಮಲಗುವ ಮುನ್ನ ಐದು ನಿಮಿಷ ಮುಂದಿನ ದಿನಗಳ ಕೆಲಸಗಳ ಪಟ್ಟಿ ಬರೆದವರು, ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆಹೋದರು. ಅವರು ಆರೋಗ್ಯವಂತ ಯುವಜನ, ನಿದ್ರಾಹೀನರಲ್ಲ ಎಂಬುದು ನೆನಪಿರಲಿ.

ರಾತ್ರಿಯ ನಿಯಮ ಸರಳ. ದಣಿವಾದಾಗ ಅಲ್ಲ, ಕಣ್ಣು ಎಳೆದಾಗ ಮಲಗಿ. ಇಪ್ಪತ್ತು ನಿಮಿಷದ ಅಂದಾಜಿನಲ್ಲಿ ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕಡೆ ಕುಳಿತು, ಮಂದ ಬೆಳಕಿನಲ್ಲಿ ಏನಾದರೂ ಓದಿ, ನಿದ್ದೆ ಬಂದಾಗ ಮರಳಿ. ಹಾಸಿಗೆ ಎಂದರೆ ನಿದ್ದೆ ಎಂದು ಮೈ ಮತ್ತೆ ಕಲಿಯಲು ಇದು ಬೇಕು. ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಬೂಟ್ಜಿನ್ 1972ರಲ್ಲಿ ಮುಂದಿಟ್ಟ ಈ ಕ್ರಮವನ್ನು ವೈದ್ಯರು ಇಂದಿಗೂ ಹೇಳಿಕೊಡುತ್ತಾರೆ. ಬೆಟಗೇರಿಯ ನೇಕಾರರ ಮನೆಯಲ್ಲೋ ಹಾವೇರಿಯ ಹಳ್ಳಿಯಲ್ಲೋ ಎಲ್ಲರೂ ಒಂದೇ ಪಡಸಾಲೆಯಲ್ಲಿ ಮಲಗುವವರಿಗೆ ಬೇರೆ ಕೋಣೆ ಎಲ್ಲಿಯದು? ಅಡುಗೆಮನೆಯ ಮೂಲೆಯಾದರೂ ಸಾಕು. ಹಗಲಿನಲ್ಲಿ ಹಾಸಿಗೆ, ಕೌದಿ ಸುತ್ತಿಟ್ಟುಬಿಡಿ, ಅದರ ಮೇಲೆ ಕುಳಿತು ಲೆಕ್ಕ ಬರೆಯುವುದು, ಫೋನಿನಲ್ಲಿ ಜಗಳವಾಡುವುದು ಬೇಡ.

ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಕೆಡುತ್ತ ಮೂರು ತಿಂಗಳು ಕಳೆದಿದ್ದರೆ ಅದು ದೀರ್ಘಕಾಲದ ನಿದ್ರಾಹೀನತೆ. ಅಂಗಡಿಯಿಂದ ತಾವೇ ನಿದ್ದೆ ಮಾತ್ರೆ ತರುವುದು, ಮದ್ಯದ ಮೊರೆ ಹೋಗುವುದು ಎರಡೂ ಅಪಾಯ. ಮದ್ಯ ಬೇಗ ಮಲಗಿಸಿದರೂ ನಡುರಾತ್ರಿ ಎಬ್ಬಿಸುತ್ತದೆ. ದೀರ್ಘಕಾಲದ ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ಯೋಚನೆ ಮತ್ತು ರೂಢಿಗಳನ್ನು ತಿದ್ದುವ ವರ್ತನಾ ಚಿಕಿತ್ಸೆ. ಧಾರವಾಡದ ಡಿಮ್ಹಾನ್ಸ್ ನಮ್ಮ ಭಾಗದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ, ಅಲ್ಲಿ ವಿಚಾರಿಸಬಹುದು. ಟೆಲಿ ಮನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ. ಜೋರು ಗೊರಕೆ, ಉಸಿರು ಕಟ್ಟಿ ಏಳುವುದು, ಬದುಕೇ ಬೇಡವೆನಿಸುವುದು ಇದ್ದರೆ ಮೂರು ತಿಂಗಳು ಕಾಯಬೇಡಿ. ವೈದ್ಯರ ಬಳಿ ಹೋಗುವಾಗ ವಾರದ ಟಿಪ್ಪಣಿಯನ್ನೂ ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಚೀಟಿಯನ್ನೂ ಒಯ್ಯಿರಿ.